ಅಗ್ಗದ ಕಾರು ಯಾರಿಗೆ ಅಗ್ಗ?

ನಮ್ಮಲ್ಲಿ ಕಾರಿನ ಬಗ್ಗೆ ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡತ್ತೆ?" ಎಂಬುದು. ಮೈಲೇಜ್ ಅನ್ನೋ ಪದವನ್ನೂ ಸೇರಿಸಬೇಕಾಗಿಲ್ಲ. ಹಸು ಎಷ್ಟು ಹಾಲು ಕೊಡತ್ತೆ ಅಂತ ಕೇಳಿದಷ್ಟೇ ಸಹಜವಾಗಿ ಅರ್ಥ ಆಗತ್ತೆ. ನನ್ನ ಕಾರು ಬೆಂಗಳೂರಿನೊಳಗೆ ಲೀಟರಿಗೆ ಹನ್ನೆರಡು ಕೊಟ್ಟರೆ ಅದು ನನ್ನ ಪುಣ್ಯ. ಉತ್ತರ ಕೇಳಿದವರು "ಅಯ್ಯೋ" ಅಂತಾರೆ. ಹಿಂದೆಯೇ ಎರಡನೇ ಪ್ರಶ್ನೆ: "ಮತ್ತೆ ಯಾಕ್ರೀ ಇಟ್ಕೊಂಡಿದೀರಾ?"

ಯಾಕೆಂದರೆ ಅಗ್ಗ. ನಗಬೇಡಿ, ನಿಜವಾಗಿಯೂ ಅಗ್ಗ. ಆದರೆ ಈ "ಅಗ್ಗ" ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದಕ್ಕೇ ಈ ಬರಹ.

ನನ್ನದು 2014ರ ಪೋಲೋ ಜಿಟಿ ಟಿಎಸ್‌ಐ. ನಾನು ಅದರ ಮೂರನೇ ಮಾಲೀಕ. ನೋಡಿದರೆ ಪಕ್ಕದ ಮನೆಯವರ ಸಾದಾ ಪೋಲೋಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ. ಒಳಗಿರುವುದು 1197 ಸಿಸಿಯ ಟರ್ಬೋ ಇಂಜಿನ್, 105 ಅಶ್ವಶಕ್ತಿ. ನಾಲ್ಕು ಮೀಟರಿಗಿಂತ ಚಿಕ್ಕದಾಗಿದ್ದು, ಪೆಟ್ರೋಲ್ ಇಂಜಿನ್ 1200 ಸಿಸಿ ದಾಟದಿದ್ದರೆ ನಮ್ಮ ದೇಶದಲ್ಲಿ ಕಾರಿಗೆ ತೆರಿಗೆ ಕಡಿಮೆ. ಆ ಮಿತಿಯೊಳಗೇ ಇದ್ದುಕೊಂಡು ಟರ್ಬೋ ಮೂಲಕ ದೊಡ್ಡ ಇಂಜಿನ್ನಿನ ಶಕ್ತಿ ತೆಗೆದ ಜಾಣತನ ಇದು. ಇಂಥ ಕಾರುಗಳನ್ನು ಹಾಟ್ ಹ್ಯಾಚ್ ಅಂತಾರೆ. ಯುರೋಪಿನವರು ಇದನ್ನು ನೋಡಿದರೆ ಹಾಟ್ ಅಲ್ಲ, ಬರೀ ಬೆಚ್ಚಗಿದೆ ಅಂದಾರು. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮರುವರ್ಷ ಮಾರಾಟಕ್ಕೆ ಬಂದ ಗಾಲ್ಫ್ ಜಿಟಿಐ ಈ ವಂಶದ ಪ್ರಸಿದ್ಧ ಹಿರಿಯ. ಅದಕ್ಕಿದ್ದದ್ದು 110 ಅಶ್ವಶಕ್ತಿ ಅಷ್ಟೇ. ಮಕ್ಕಳನ್ನು ಶಾಲೆಗೆ ಬಿಡುವ, ಸಂತೆಯಿಂದ ತರಕಾರಿ ತರುವ ಕಾರೇ ಭಾನುವಾರ ಬೆಳಿಗ್ಗೆ ಒಂದಿಷ್ಟು ಖುಷಿಯನ್ನೂ ಕೊಡಲಿ, ಅದಕ್ಕಾಗಿ ಮನೆಗೆ ಎರಡನೇ ಕಾರು ಬೇಡ ಅನ್ನೋದು ಇದರ ಹಿಂದಿನ ಆಲೋಚನೆ. ನನಗೆ ಇದು ಮಧ್ಯಮ ವರ್ಗದ ಒಳ್ಳೆಯ ಆಲೋಚನೆಗಳಲ್ಲಿ ಒಂದು ಅನ್ನಿಸುತ್ತದೆ.

ಈಗ ಅಗ್ಗದ ವಿಷಯಕ್ಕೆ ಬರೋಣ. ಇಂಥ ಕಾರಿಗೆ ಹತ್ತು ವರ್ಷ ತುಂಬಿದರೆ ಬೆಲೆ ಧಡಕ್ಕನೆ ಇಳಿಯುತ್ತದೆ. ಮೈಲೇಜ್ ಇಲ್ಲ, ಸ್ಪೇರ್ ಪಾರ್ಟ್ಸ್ ದುಬಾರಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋದರೆ ಗತಿ ಏನು ಎಂಬ ಭಯ. ಹೊಸದಾಗಿದ್ದಾಗ ಎಂಟು ಹತ್ತು ಲಕ್ಷ ಕೊಟ್ಟು ಕೊಂಡದ್ದು ಮೂರು ನಾಲ್ಕು ಲಕ್ಷಕ್ಕೆ ಸಿಗುತ್ತದೆ. ಅಷ್ಟಕ್ಕೆ ಹೊಸ ಆಲ್ಟೋ ಕೂಡ ಕಷ್ಟ. ಹಾಗಾಗಿ ಕೊಳ್ಳುವವನಿಗೆ ಲಾಟರಿ ಹೊಡೆದ ಹಾಗೆ.

ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಶಾಕ್ ಅಬ್ಸಾರ್ಬರ್, ಬ್ರೇಕ್ ಡಿಸ್ಕ್, ಟೈರುಗಳ ಬೆಲೆ ಇಳಿಯಲಿಲ್ಲ. ಕಾರಿನ ದರ ಆಲ್ಟೋದ್ದು, ಸಾಕುವ ಖರ್ಚು ಹತ್ತು ಲಕ್ಷದ ಕಾರಿನದು. ಮೊದಲ ಮಾಲೀಕ ಇವನ್ನೆಲ್ಲ ಯೋಚಿಸದೆ ಹಾಕಿಸುತ್ತಿದ್ದ, ಅವನಿಗೆ ಆ ಶಕ್ತಿ ಇತ್ತು. ಕಾರು ಕೈಯಿಂದ ಕೈಗೆ ಹೋದ ಹಾಗೆ ಅದನ್ನು ಕೊಳ್ಳುವ ಶಕ್ತಿ ಇದ್ದು ಸಾಕುವ ಶಕ್ತಿ ಇಲ್ಲದವನ ಮನೆಗೆ ಬರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸೆಕೆಂಡ್ ಹ್ಯಾಂಡ್ ಬಜಾರಿನ ಲೆಕ್ಕವೇ ಹಾಗೆ.

ನಮ್ಮ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಕೆಳಗೆ ನಿಂತು ಒಂದು ಮಾತು ಹೇಳಿದ್ದರು. "ಸಾರ್, ಇಂಜಿನ್ ಬಗ್ಗೆ ಕೇಳ್ಲೇಬೇಡಿ, ಕಲ್ಲಿದ್ದಂಗಿದೆ. ಕೆಳಗಡೆ ರಬ್ಬರ್ ಐಟಂ ಎಲ್ಲಾ ವಯಸ್ಸಾಗಿದೆ, ಅಷ್ಟೇ." ಅವರು ಎಸ್ಟಿಮೇಟ್ ಹೇಳುತ್ತಿದ್ದರು. ನನಗೆ ಮಾತ್ರ ಅದು ತತ್ತ್ವದಂತೆ ಕೇಳಿಸಿತು.

ಸ್ವಲ್ಪ ಯೋಚಿಸಿ. ಕಾರಿನಲ್ಲಿ ಓಡಿಸುವ ಭಾಗಗಳು ಬಹುಪಾಲು ಲೋಹದವು. ಎಣ್ಣೆಯಲ್ಲಿ ಮುಳುಗಿರುತ್ತವೆ, ಕಾಲಕಾಲಕ್ಕೆ ಆಯಿಲ್ ಬದಲಿಸಿದರೆ ಲಕ್ಷಾಂತರ ಕಿಲೋಮೀಟರ್ ಬಾಳುತ್ತವೆ. ತಡೆಯುವ, ಹಿಡಿದಿಡುವ ಭಾಗಗಳು ಹಾಗಲ್ಲ. ಟೈರ್ ಓಡದೆ ನಿಂತಿದ್ದರೂ ಗಟ್ಟಿಯಾಗುತ್ತಾ ಹೋಗುತ್ತದೆ, ಮಳೆ ಬಂದ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಬುಷ್ ಬಿರಿಯುತ್ತದೆ. ಶಾಕ್ ಅಬ್ಸಾರ್ಬರ್ ಎಷ್ಟು ನಿಧಾನವಾಗಿ ಸೋಲುತ್ತದೆಂದರೆ ದಿನಾ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ನಂದಿಬೆಟ್ಟ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಹಾಕಿ ಬಿಸಿಯೇರಿದರೆ ಆ ತೇವ ಕುದಿದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಅಂದರೆ ಹಳೆಯ ಕಾರಿನಲ್ಲಿ ಶಕ್ತಿಗಿಂತ ಮೊದಲು ಸಂಯಮಕ್ಕೆ ಮುಪ್ಪು ಬರುತ್ತದೆ. ಸಾದಾ ಕಾರಿನಲ್ಲೂ ಇದು ನಿಜವೇ. ಜೋರಾಗಿ ಓಡುವ ಕಾರಿನಲ್ಲಿ ಈ ಅಂತರ ಅಪಾಯಕಾರಿ. ನಲವತ್ತರಲ್ಲಿ ಹೋಗುವ ಕಾರು ಎಂಬತ್ತಕ್ಕೆ ಏರಿದರೆ ವೇಗ ಎರಡು ಪಟ್ಟು, ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟು. ಈ ಭೌತಶಾಸ್ತ್ರ ಕಾರಿನ ರೀಸೇಲ್ ಬೆಲೆ ನೋಡಿ ರಿಯಾಯಿತಿ ಕೊಡುವುದಿಲ್ಲ.

ಹಾಗಾದರೆ ಹಳೆಯ ಹಾಟ್ ಹ್ಯಾಚ್ ಇಟ್ಟುಕೊಂಡವನು ದುಡ್ಡು ಉಳಿಸುವುದು ಎಲ್ಲಿ? ಇಂಜಿನ್ನಿನಲ್ಲಿ ಉಳಿಸಲು ಆಗುವುದಿಲ್ಲ. ಕೆಟ್ಟರೆ ಕಾರು ನಿಂತೇಬಿಡುತ್ತದೆ. ಏಸಿಯಲ್ಲೂ ಉಳಿಸುವುದಿಲ್ಲ, ಸೆಖೆ ತಾಳಲಾಗದು. ಉಳಿತಾಯ ಆಗುವುದು ಕಾಣದ ಕಡೆ. "ಇನ್ನೊಂದು ಆರು ತಿಂಗಳು ಓಡತ್ತೆ ಬಿಡಿ" ಅಂತ ಮುಂದೂಡಬಹುದಾದ ಟೈರು, ಪ್ಯಾಡು, ಬುಷ್ಷುಗಳಲ್ಲಿ. ನಾಲ್ಕು ಟೈರಿಗೆ ಇಪ್ಪತ್ತೈದು ಸಾವಿರದ ಹತ್ತಿರ ಆಗುತ್ತದೆ. ಮುಂದೂಡಿದರೆ ಆ ಇಪ್ಪತ್ತೈದು ಸಾವಿರ ನನ್ನ ಅಕೌಂಟಿನಲ್ಲೇ ಇರುತ್ತದೆ, ನಿಜ. ಆದರೆ ಅದರ ಬದಲಿಗೆ ಒತ್ತೆ ಇಟ್ಟದ್ದು ಯಾರದು? ಜೀಬ್ರಾ ಕ್ರಾಸಿಂಗ್ ನಂಬಿ ರಸ್ತೆ ದಾಟುವ ಹೆಂಗಸಿನದು, ಮುಂದೆ ಹೋಗುತ್ತಿರುವ ಡೆಲಿವರಿ ಹುಡುಗನದು. ಅವರನ್ನು ಯಾರೂ ಕೇಳಿಲ್ಲ. ನನ್ನ ಕಾರಿನ ಬೆಲೆ ಇಳಿದ ಹಾಗೆ ಅವರ ಕೈಕಾಲಿನ ಬೆಲೆ ಇಳಿಯುವುದಿಲ್ಲ ಅಲ್ವಾ?

ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನನ್ನ ಸ್ವಂತ ಕಾರಿನ ವಿಮೆ ನನ್ನಿಷ್ಟ. 2022ರಲ್ಲಿ ನಿಗದಿಯಾದ ದರದಂತೆ ಸಾವಿರದಿಂದ ಸಾವಿರದೈನೂರು ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಕಾರು ಹಳೆಯದಾದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ನಿನ್ನ ನಷ್ಟವನ್ನು ನೀನು ಹೇಗಾದರೂ ನೋಡಿಕೋ, ಇನ್ನೊಬ್ಬರ ನಷ್ಟದ ವಿಷಯದಲ್ಲಿ ನಿನಗೆ ಆಯ್ಕೆ ಇಲ್ಲ ಎಂಬುದು ಅದರ ತಿರುಳು. ಆದರೆ ಕಾನೂನು ಅಷ್ಟಕ್ಕೇ ನಿಲ್ಲುತ್ತದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷದ್ದು. ನವೀಕರಣದ ಹೊತ್ತಿಗೆ ತಪಾಸಣೆ ಆಗುತ್ತದೆ. ಅಲ್ಲಿಯವರೆಗೆ ಹೊಗೆ ಪರೀಕ್ಷೆಯ ಚೀಟಿ ಬಿಟ್ಟರೆ ನನ್ನ ಬ್ರೇಕ್ ಹೇಗಿದೆ ಅಂತ ನಿಯಮದಂತೆ ಬಂದು ನೋಡುವವರು ಯಾರೂ ಇಲ್ಲ. ಯಾರೂ ನೋಡದ ಜಾಗದಲ್ಲಿ ಏನು ಮಾಡುತ್ತೇವೆ ಅನ್ನೋದನ್ನೇ ಹಿರಿಯರು ಧರ್ಮ ಅಂದಿದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಇಷ್ಟೆಲ್ಲಾ ಮಾತಾಡೋರು ಆ ಪೆಟ್ರೋಲ್ ಕುಡಿಯೋ ಕಾರು ಮಾರಿ, ಒಳ್ಳೆ ಮೈಲೇಜಿನ ಹೊಸ ಕಾರು ತಗೊಳ್ಳಿ. ಪರಿಸರದ ಖರ್ಚನ್ನೂ ಬೇರೆಯವರೇ ತಾನೇ ಕೊಡ್ತಿರೋದು?" ನ್ಯಾಯವಾದ ಮಾತು, ಲೆಕ್ಕ ಹಾಕೋಣ. ನಾನು ವರ್ಷಕ್ಕೆ ಓಡಿಸುವುದು ಆರು ಸಾವಿರ ಕಿಲೋಮೀಟರ್. ಹನ್ನೆರಡರ ಲೆಕ್ಕದಲ್ಲಿ 500 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಒಟ್ಟು 1,150 ಕಿಲೋ. ಇಪ್ಪತ್ತು ಕೊಡುವ ಹೊಸ ಕಾರಾದರೆ 300 ಲೀಟರ್, 690 ಕಿಲೋ. ವರ್ಷಕ್ಕೆ 460 ಕಿಲೋ ಉಳಿತಾಯ. ಆದರೆ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲ ಸೇರಿ ಒಂದು ಹೊಸ ಕಾರು ತಯಾರಾಗುವುದರೊಳಗೆ ಐದಾರು ಟನ್ ಹೊರಬಿದ್ದಿರುತ್ತದೆ ಎಂಬುದು ಸಾಮಾನ್ಯ ಅಂದಾಜು. ಐದೇ ಟನ್ ಅಂದುಕೊಂಡರೂ ಆ ಸಾಲ ತೀರಲು ನನಗೆ ಹನ್ನೊಂದು ವರ್ಷ ಬೇಕು. ಅದೂ ಅಲ್ಲದೆ ನಾನು ಮಾರಿದ ಕಾರು ಮಾಯವಾಗುವುದಿಲ್ಲ. ನಾಲ್ಕನೇ ಮಾಲೀಕ ಅದನ್ನು ಓಡಿಸುತ್ತಾನೆ, ಬಹುಶಃ ಇನ್ನೂ ಸವೆದ ಟೈರಿನಲ್ಲಿ.

ಹಾಗಂತ ಇದು ಎಲ್ಲರಿಗೂ ಸಲ್ಲುವ ಲೆಕ್ಕವಲ್ಲ. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತಾ ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಅದೇ ಸಾಲ ಮೂರು ವರ್ಷದೊಳಗೆ ತೀರುತ್ತದೆ. ಅವರು ಹಳೆಯ ಜಿಟಿ ಇಟ್ಟುಕೊಂಡು "ಮರುಬಳಕೆ" ಅಂದರೆ ಒಪ್ಪಲಾಗದು. ಹೊಗೆಯ ವಿಷಯವೂ ಇದೆ. ಬಿಎಸ್-4 ನಿಯಮದಲ್ಲಿ ಪೆಟ್ರೋಲ್ ಕಾರಿನ ಸೂಕ್ಷ್ಮ ಕಣಗಳಿಗೆ ಮಿತಿಯೇ ಇರಲಿಲ್ಲ, 2020ರಲ್ಲಿ ಬಿಎಸ್-6 ಬಂದ ಮೇಲೆ ನನ್ನ ಕಾರಿನಂಥ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಿಗೆ ಮಿತಿ ಬಂತು. ಹೊಸ ಕಾರು ಆ ಲೆಕ್ಕದಲ್ಲಿ ನನ್ನದಕ್ಕಿಂತ ಶುಭ್ರ, ಒಪ್ಪಲೇಬೇಕು. ಸಿಗ್ನಲ್ಲಿನಲ್ಲಿ ನನ್ನ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡವರು ಕುಡಿಯುವುದು ನನ್ನ ಹೊಗೆಯನ್ನೇ. ಸದ್ದು ಬರಲಿ ಅಂತ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಖಾಲಿ ಪೈಪ್ ಹಾಕಿಸುವ ಖಯಾಲಿ ಇಂಥ ಕಾರಿನವರಲ್ಲಿ ಉಂಟು. ಅದಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ.

ಇನ್ನೊಂದು ಆಕ್ಷೇಪ ಸ್ವಲ್ಪ ಆಳದ್ದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವವನಿಗೆ 105 ಕುದುರೆ ಯಾಕೆ? ಬಳಸದ ಶಕ್ತಿ ಇಟ್ಟುಕೊಂಡರೇನು ಬಿಟ್ಟರೇನು? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಹೊಂದಿರುವುದಕ್ಕೂ ಬಳಸುವುದಕ್ಕೂ ಗೆರೆ ಎಳೆದಿದ್ದಾನೆ. ಒಲಿಂಪಿಕ್ಸ್‌ನಲ್ಲಿ ಕಿರೀಟ ಸಿಗುವುದು ಬಲಶಾಲಿ ಅನ್ನಿಸಿಕೊಂಡವನಿಗಲ್ಲ, ಕಣಕ್ಕಿಳಿದು ಸ್ಪರ್ಧಿಸಿದವನಿಗೆ ಎಂಬುದು ಅವನ ಉದಾಹರಣೆ. ಆ ಪ್ರಕಾರ ನನ್ನ ಕಾರಿನ ಶಕ್ತಿ ದಂಡ. "ಶಕ್ತಿ ಇದ್ದೂ ಬಳಸದಿರುವುದೇ ನಿಜವಾದ ಸಂಯಮ" ಅಂತ ಪುಣ್ಯದ ಬಣ್ಣ ಬಳಿಯಬಹುದು, ಆದರೆ ಅದು ಸಬೂಬು. ಸಂಯಮ ಕಲಿಯಲು ಯಾರೂ ಟರ್ಬೋ ಕೊಳ್ಳುವುದಿಲ್ಲ. ನಾನು ಇಟ್ಟುಕೊಂಡಿರುವುದು ಖುಷಿಗೆ. ಫ್ಲೈಓವರ್ ಹತ್ತುವಾಗ ಪೆಡಲ್ ಒತ್ತಿದ ಕೂಡಲೇ ಬೆನ್ನು ಸೀಟಿಗೆ ಒರಗುತ್ತದಲ್ಲ, ಆ ಐದು ಸೆಕೆಂಡಿಗೆ. ವೇಗದ ಮಿತಿ ದಾಟದೆಯೂ ಅದು ಸಿಗುತ್ತದೆ. ಖುಷಿಗೆ ಬೇರೆ ಕಾರಣ ಬೇಕಾಗಿಲ್ಲ. ಬಿಲ್ ನನ್ನ ಹೆಸರಿಗೇ ಬರಬೇಕು, ಅಷ್ಟೇ ಷರತ್ತು.

ನಮ್ಮ ಕೆ.ಆರ್. ಮಾರ್ಕೆಟ್ಟಿಗೆ ಸೊಪ್ಪು ತರುವ ಹಳೇ ಓಮ್ನಿಗಳನ್ನು ನೋಡಿದ್ದೀರಿ. ಅವುಗಳ ಟೈರೂ ಸವೆದಿರುತ್ತದೆ. ಅಪಾಯ ಅಲ್ಲಿಯೂ ಇದೆ. ಆದರೆ ಆ ಮನೆಯಲ್ಲಿ ಟೈರಿನ ದುಡ್ಡು ಮಕ್ಕಳ ಫೀಸಿಗೆ ಹೋಗಿರಬಹುದು. ನನ್ನದು ಹಾಗಲ್ಲ. ನಾನು ಶಕ್ತಿ ಬೇಕು ಅಂತ ಆರಿಸಿಕೊಂಡವನು, ಬೇರೆ ದಾರಿ ಇಲ್ಲದೆ ಬಂದವನಲ್ಲ. ಅವರಿಗೆ ಸಿಗುವ ವಿನಾಯಿತಿಯನ್ನು ನಾನು ಕೇಳುವಂತಿಲ್ಲ.

ಇದೆಲ್ಲ ಬರೀ ತರ್ಕ ಆಗಿ ಉಳಿಯಲಿಲ್ಲ, ಯಾಕಂದ್ರೆ ನಮ್ಮಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ. ಇಪ್ಪತ್ತಮೂರು ವರ್ಷ, ಮೊದಲ ಕೆಲಸ, ಕೈಯಲ್ಲಿ ನಾಲ್ಕು ಲಕ್ಷ. "ಮಾಮ, ನಿಮ್ಮ ಕಾರೇ ಒಂದು ಸಿಕ್ಕಿದೆ, ಕರೆಕ್ಟಾಗಿ ನಾಲ್ಕಕ್ಕೆ ಕೊಡ್ತಾರಂತೆ. ತಗೊಳ್ಲಾ?" ಬೇಡ ಅನ್ನಲು ನನಗೆ ಬಾಯಿಲ್ಲ, ನಾನೇ ಇಟ್ಟುಕೊಂಡಿದ್ದೇನೆ. ಹೂಂ ಅನ್ನುವುದೂ ಸುಲಭವಲ್ಲ. ಅಕ್ಕನಿಗೆ ಇರುವುದು ಒಬ್ಬನೇ ಮಗ, ಮತ್ತು ಅವನ ಎದುರಿಗೆ ಬರುವವರೂ ಯಾರದೋ ಮಕ್ಕಳೇ.

ನಾನು ಹೇಳಿದ್ದು ಇಷ್ಟು. "ನಾಲ್ಕು ಲಕ್ಷ ಇದ್ರೆ ಮೂರು ಲಕ್ಷದ ಕಾರು ನೋಡೋ. ಉಳಿದ ಒಂದು ಲಕ್ಷ ಕಾರು ನಿಲ್ಲಿಸೋದಕ್ಕೆ. ಟೈರಿನ ಪಕ್ಕ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3218 ಅಂತಿದ್ರೆ 2018ರ ಮೂವತ್ತೆರಡನೇ ವಾರದ್ದು, ಎಷ್ಟು ಹೊಳೀತಾ ಇದ್ರೂ ಬದಲಾಯಿಸು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ತಪ್ಪಿಸ್ಬೇಡ. ಶಾಕ್, ಬುಷ್ ಚೆಕ್ ಮಾಡ್ಸು. ರೀಮ್ಯಾಪ್ ಗೀಮ್ಯಾಪ್ ಆಮೇಲೆ ನೋಡೋಣ. ಈ ಒಂದು ಲಕ್ಷ ತೆಗೆದಿಡಕ್ಕೆ ಆಗಲ್ಲ ಅಂದ್ರೆ ಈ ಕಾರು ನಿನಗೆ ಅಗ್ಗ ಅಲ್ಲ ಅಂತ ಅರ್ಥ. ಬೇರೆ ಯಾರೋ ಸೇರಿಸಿ ಕೊಡ್ತಿದಾರೆ, ಅವರಿಗೆ ಗೊತ್ತಿಲ್ಲ ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಸ್ವಿಫ್ಟೇ ವಾಸಿ ಅಂತೀರಾ ಮಾಮ?" ಅಂದ. ಇರಬಹುದು ಅಂದೆ. ಅವನಿನ್ನೂ ನಿರ್ಧಾರ ಮಾಡಿಲ್ಲ. ಮೊನ್ನೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಕಾರಿನದಿರಬಹುದು ಅಂತ ತೆರೆದು ನೋಡಿದರೆ ಬರೀ ಟೈರಿನ ಪಕ್ಕ, ನಾಲ್ಕು ಅಂಕಿ.