ಕೂಡಿ ಕೈಕೊಂಡ ನಿಯಮ ಯಾರದು?

ಕಾಲದ ಮಿತಿಯಿಟ್ಟು ಮಾಡುವ ತ್ಯಾಗವು ನಿಯಮವೆಂದೂ, ಜೀವವಿರುವವರೆಗಿನ ತ್ಯಾಗವು ಯಮವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೇದವನ್ನು ತಿಳಿಸಿದ್ದಾರೆ. ಈ ಭೇದವನ್ನು ಅರಿಯದ ಶ್ರಾವಕರು ನಮ್ಮಲ್ಲಿ ವಿರಳ. ಆದರೆ ಹತ್ತಾರು ಜನರು ಒಂದೇ ದಿನ, ಒಂದೇ ಮಾತಿನಿಂದ, ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೈಕೊಂಡ ನಿಯಮವು ಯಾರಿಗೆ ಸೇರಿದುದು? ಅವರಲ್ಲಿ ಒಬ್ಬರು ಹಿಂದೆ ಬಿದ್ದರೆ ಭಂಗವು ಅವರೊಬ್ಬರದೋ, ಎಲ್ಲರದೋ? ಹಿಂದೆ ಬಿದ್ದವರ ಪಾಲನ್ನು ಮತ್ತೊಬ್ಬರು ಮಾಡಿಕೊಟ್ಟರೆ ನಿಯಮವು ಉಳಿಯಿತೋ, ಅಳಿಯಿತೋ? ಈ ಪ್ರಶ್ನೆಗಳು ನನಗೆ ಗ್ರಂಥಾವಲೋಕನದಿಂದ ಹುಟ್ಟಿದುವಲ್ಲ. ಒಂದು ಕೌದಿಯಿಂದ ಹುಟ್ಟಿದುವು. ಆ ಕೌದಿಯ ವಿಷಯದಲ್ಲಿ ನನ್ನಿಂದ ಒಂದು ಅಪರಾಧವೂ ಆಗಿರುವುದರಿಂದ ಅದನ್ನು ಮುಚ್ಚದೆ ಬರೆಯುವುದೇ ಉಚಿತವೆಂದು ತೋರಿತು.

ನಮ್ಮದು ಬೆಳಗಾವಿ ಜಿಲ್ಲೆಯ ಕೃಷ್ಣಾತೀರದ ಒಂದು ಊರು. ಕೌದಿಯೆಂದರೇನೆಂದು ಈ ಭಾಗದ ವಾಚಕರಿಗೆ ಹೇಳಬೇಕಾದುದಿಲ್ಲ. ದಕ್ಷಿಣದ ಬಂಧುಗಳಿಗಾಗಿ ಎರಡು ಮಾತು: ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಗಟ್ಟಿ ದಾರದಿಂದ ಸಾಲುಸಾಲಾಗಿ ಹೊಲಿದ ಹೊದಿಕೆಯೇ ಕೌದಿ. ಇದರಲ್ಲಿ ಅರಳೆಯನ್ನು ತುಂಬುವುದಿಲ್ಲ. ಪದರಗಳೇ ಬೆಚ್ಚಗಿಡುತ್ತವೆ, ಹೊಲಿಗೆಯ ಸಾಲುಗಳು ಆ ಪದರಗಳನ್ನು ಜರುಗದಂತೆ ಹಿಡಿಯುತ್ತವೆ. ಪ್ರತಿವರ್ಷ ದೀಪಾವಳಿಯ ಸುಮಾರಿಗೆ ನಮ್ಮ ಕಡೆಗೆ ಕಬ್ಬು ಕಡಿಯುವ ಕುಟುಂಬಗಳು ಬಂದು ಹೊಲಗಳ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಆ ಗುಡಿಸಲುಗಳ ಮಕ್ಕಳಿಗೆ ಚಳಿಗಾಲಕ್ಕೆ ಹೊದಿಕೆ ಕೊಡಬೇಕೆಂದು ಓಣಿಯ ಶ್ರಾವಿಕೆಯರು ಬಹಳ ದಿನಗಳಿಂದ ಅನ್ನುತ್ತಿದ್ದರು. ಒಮ್ಮೆ ತಮ್ಮ ತಮ್ಮ ಮನೆಗಳಲ್ಲಿ ಹೊಲಿಯುವುದಾಗಿ ಎಲ್ಲರೂ ಒಪ್ಪಿದ್ದುಂಟು. ವರ್ಷದ ಕೊನೆಗೆ ಆದುವು ಮೂರೇ ಕೌದಿಗಳು.

ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ಸೊಸೆಯಂದಿರು ಒಂದು ಪಂಥ ಕಟ್ಟಿದರು. (ಪಂಥವೆಂದೊಡನೆ ತೇರಾಪಂಥ, ಬೀಸಪಂಥಗಳ ಚರ್ಚೆಗೆ ಇಳಿಯುವವರು ನಮ್ಮಲ್ಲಿದ್ದಾರೆ, ಇದು ಆ ಪಂಥವಲ್ಲ, ಹಠದ ಪಂಥ.) ಚಾತುರ್ಮಾಸ ಮುಗಿಯುವುದರೊಳಗೆ ಒಬ್ಬೊಬ್ಬರು ಒಂದೊಂದು ಕೌದಿಯನ್ನು ತಮ್ಮ ಕೈಯಿಂದಲೇ ಹೊಲಿದು ಮುಗಿಸಬೇಕು. ಆಷಾಢ ಬಹುಳ ಚತುರ್ದಶಿಯಿಂದ ದೀಪಾವಳಿಯ ಹಿಂದಿನ ಚತುರ್ದಶಿಯವರೆಗೆ ಏಳು ಚತುರ್ದಶಿಗಳು. ಕೆಲಸಕ್ಕೂ ಏಳು ಹಂತಗಳು. ಪ್ರತಿ ಚತುರ್ದಶಿಯಂದು ಬಸದಿಯ ಜಗಲಿಗೆ ತಂದು ತೋರಿಸಬೇಕು. ಅಷ್ಟಮಿ, ಚತುರ್ದಶಿಗಳಲ್ಲಿ ಸೂಜಿ ಹಿಡಿಯಬಾರದು. ಸೂರ್ಯಾಸ್ತವಾದ ಮೇಲೆ ಹೊಲಿಯಬಾರದು. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳುಗಳ ನಡುವೆ ಬಟ್ಟೆ ಹರಡಿ ಕುಳಿತರೆ ಎಷ್ಟು ಜೀವಗಳು ಮಡಿಕೆಗಳಲ್ಲಿ ಸಿಕ್ಕುತ್ತವೆಂಬುದನ್ನು ಬಲ್ಲವರೇ ಬಲ್ಲರು. 21 ಮಂದಿ ಶ್ರಾವಿಕೆಯರು ಈ ನಿಯಮವನ್ನು ಕೈಕೊಂಡರು. ಒಬ್ಬ ಗೃಹಸ್ಥರು, ಎಲ್ಲ ಹಂತಗಳನ್ನೂ ವೇಳೆಗೆ ಮುಗಿಸಿ ಚೆನ್ನಾಗಿ ಹೊಲಿದವರಿಗೆ ಬೆಳ್ಳಿಯ ಆರತಿತಟ್ಟೆಯನ್ನು ಕೊಡುವೆನೆಂದರು. ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. 35 ವರ್ಷ ಹಾಜರಿ ಹಾಕಿದ ಕೈ. ನಾನು ಸಂತೋಷದಿಂದಲೇ ಒಪ್ಪಿ 21 ಸಾಲು, ಏಳು ಮನೆಗಳ ಪಟ್ಟಿಯನ್ನು ಗೆರೆ ಹೊಡೆದು ಸಿದ್ಧಮಾಡಿದೆನು.

ಮೊದಲ ಹಂತವು ಬಟ್ಟೆ ಕೂಡಿಸುವುದು: ಸೋಸಿದ ನೀರಿನಲ್ಲಿ ಒಗೆದು, ಆಷಾಢದ ಮೋಡದಲ್ಲಿ ಬಿಸಿಲು ಸಿಕ್ಕಾಗ ಒಣಗಿಸಿ, ಗುಂಡಿ ಕಾಜುಗಳನ್ನು ಕಿತ್ತು, ಹೊಲಿಗೆ ಬಿಚ್ಚುವುದು. ಹಸಿ ಆರದ ಬಟ್ಟೆಯನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟೂ ಜೀವವೇ ಆದುದರಿಂದ ಈ ಹಂತದಲ್ಲಿಯೇ ಹಲವರು ಸೋತರು, ಮತ್ತೆ ಒಗೆದರು. ಇಲ್ಲಿ ಒಂದು ತರ್ಕವೂ ಎದ್ದಿತು. ಇಳಕಲ್ ಸೀರೆಯ ಒಡಲು ನೂಲಿನದಾದರೂ ಕೆಲವು ಸೀರೆಗಳ ಸೆರಗು ರೇಷ್ಮೆಯದು. ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ನೂಲು ಅದು. ಅಜ್ಜಿಯ ಕಾಲದ ಸೆರಗು, ಕೊಲ್ಲುವುದು ಎಂದೋ ಮುಗಿದಿದೆ, ಈಗ ಎಸೆದರೆ ಯಾವ ಜೀವ ಉಳಿಯುತ್ತದೆಂದು ಕೆಲವರು ಕೇಳಿದರು. ಮಾಡುವುದು, ಮಾಡಿಸುವುದು, ಮೆಚ್ಚುವುದು ಎಂಬ ಮೂರರಲ್ಲಿ ಮೆಚ್ಚುವುದಕ್ಕೆ ಕಾಲದ ಮಿತಿಯಿಲ್ಲ. ಬೇರೆ ತುಂಡುಗಳ ನಡುವೆ ಅದನ್ನು ಶೋಭೆಗಾಗಿ ಇಡುವುದೇ ಮೆಚ್ಚುವುದಾಯಿತೆಂದು ನಾನು ಹೇಳಿದೆನು. ಸೆರಗುಗಳನ್ನು ಕತ್ತರಿಸಿ ತೆಗೆದರು. ಈ ನಿರ್ಣಯದಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ.

ಎರಡನೆಯ ಹಂತವು ಅಡಿಯ ಸೀರೆಯನ್ನು ಸುಕ್ಕಿಲ್ಲದೆ ಹಾಸಿ ಪದರಗಳನ್ನಿಟ್ಟು ದೊಡ್ಡ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿಸುವುದು. ಮೂರನೆಯದು ಅಂಚು. ನಾಲ್ಕು, ಐದು, ಆರರಲ್ಲಿ ಅಂಚಿನಿಂದ ಒಳಮುಖವಾಗಿ, ಬೆರಳಗಲದ ಅಂತರದಲ್ಲಿ ಸುತ್ತು ಸುತ್ತು ಹೊಲಿಯುತ್ತ ತುಂಡುಗಳನ್ನು ಕೂಡಿಸುವುದು. ಏಳನೆಯದು ನಡುವನ್ನು ಮುಚ್ಚುವುದು. ಎರಡನೆಯ ಹಂತದಲ್ಲಿ ಉಳಿದ ಸುಕ್ಕು ಆಗ ಕಾಣುವುದಿಲ್ಲ. ಐದನೆಯದರಲ್ಲಿ ಉಬ್ಬಾಗಿ ಏಳುತ್ತದೆ. ಶ್ರಾವಕನ 11 ಪ್ರತಿಮೆಗಳನ್ನು ಹೇಳುವಾಗ ಹಿಂದಿನ ಪದಗಳ ಗುಣಗಳು ಮುಂದಿನ ಪದದಲ್ಲಿಯೂ ಕೂಡಿಯೇ ನಿಲ್ಲಬೇಕೆಂದು ಸಮಂತಭದ್ರರು ಹೇಳಿದುದನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು. ಅದನ್ನು ಕಣ್ಣಿಂದ ಕಂಡುದು ಆ ಉಬ್ಬುಗಳಲ್ಲಿ.

ನಾಲ್ಕನೆಯ ಹಂತವನ್ನು ತೋರಿಸುವ ದಿನ ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ. ಹೆಚ್ಚಿನವರು ಉಪವಾಸದಲ್ಲಿದ್ದರು. ಒಬ್ಬ ಯುವತಿ ತಂದ ಕೌದಿಯನ್ನು ಬಿಡಿಸಿ ನೋಡಿದೆನು. ಹೊರಗಿನ ಮೂರು ಸುತ್ತುಗಳ ಹೊಲಿಗೆ ಚಿಕ್ಕದು, ನೇರವಾದುದು. ಒಳಗಿನ ನಾಲ್ಕು ಸುತ್ತುಗಳದು ಉದ್ದ, ಸ್ವಲ್ಪ ಎಡಕ್ಕೆ ವಾಲಿದುದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಎರಡು ಕೈಗಳ ಬರಹವನ್ನು ಹಿಡಿದವನಿಗೆ ಅದು ಕಷ್ಟವೇ? “ಇದು ನಿನ್ನ ಕೈಯದಲ್ಲ, ತಂಗಿ” ಎಂದು ಎಲ್ಲರ ಮುಂದೆ ಹೇಳಿ, ಅವಳ ಸಾಲಿನಲ್ಲಿ ತಪ್ಪಿನ ಗುರುತು ಹಾಕಿದೆನು. ಅವಳು ಕೌದಿಯನ್ನು ಮಡಿಸಿಕೊಂಡು ಹೋದಳು. ನಿಜ ಹೇಳಬೇಕೆಂದರೆ, ಆ ಗುರುತು ಹಾಕುವಾಗ ನನಗೆ ಹಿತವಾಗಿತ್ತು.

ಮೂರನೆಯ ದಿನ ಕ್ಷಮಾವಣಿ. ವರ್ಷದ ವಾಡಿಕೆಯಂತೆ ಬಸದಿಯಲ್ಲಿ ಕಂಡಕಂಡವರಿಗೆಲ್ಲ ಕೈಮುಗಿದು ಕ್ಷಮೆ ಬೇಡುತ್ತಿದ್ದೆನು. ಓಣಿಯ ಹಿರಿಯ ಶ್ರಾವಿಕೆಯೊಬ್ಬರು ನನ್ನ ಕೈಮುಗಿತವನ್ನು ಸ್ವೀಕರಿಸದೆ ನಿಂತರು. “ಮಾಸ್ತರ್ರ, ನೀವು ಹೊಲಿಗಿ ಎಣಿಸಿದ್ರಿ. ಆಕಿ ರಾತ್ರಿ ಎಷ್ಟ ಸಲ ಎದ್ದು ಅತ್ತೀನ ಹೊರಳಿಸ್ತಾಳಂತ ಯಾರರೆ ಎಣಿಸ್ಯಾರೇನ್ರಿ?” ಎಂದರು. ಆ ಯುವತಿಯ ಅತ್ತೆ ಶ್ರಾವಣದಿಂದ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದರಂತೆ. ಹಗಲೆಲ್ಲ ಆ ಸೇವೆ. ಬಿಡುವೆಂಬುದು ದೊರೆತರೆ ರಾತ್ರಿ. ರಾತ್ರಿ ಹೊಲಿಯಬಾರದೆಂಬುದು ನಿಯಮ. ಜೀವದಯೆಗಾಗಿ ಇಟ್ಟ ಆ ನಿಯಮವನ್ನು ಅವಳು ಮುರಿಯಲಿಲ್ಲ. ಬದಲಿಗೆ ನೆರೆಮನೆಯ ಹುಡುಗಿಗೆ ಹಣ ಕೊಟ್ಟು ನಾಲ್ಕು ಸುತ್ತು ಹೊಲಿಸಿದ್ದಳು.

ಉಪಗೂಹನವೂ ಸ್ಥಿತಿಕರಣವೂ ಸಮ್ಯಕ್ತ್ವದ ಅಂಗಗಳೆಂದು ಮಕ್ಕಳಿಗೆ ಕಂಠಪಾಠ ಮಾಡಿಸಿದವನು ನಾನು. ತಾಮ್ರಲಿಪ್ತದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಎಲ್ಲರೂ ಬಲ್ಲರು. ತ್ಯಾಗಿಯ ವೇಷದಲ್ಲಿ ಬಂದ ಕಳ್ಳನು ಅವನ ಜಿನಾಲಯದ ರತ್ನವನ್ನು ಕದ್ದು ಕಾವಲುಗಾರರ ಕೈಗೆ ಸಿಕ್ಕಿದಾಗ, ನಾನೇ ತರಹೇಳಿದ್ದೆನೆಂದು ಹೇಳಿ ಜನರ ಬಾಯಿ ಮುಚ್ಚಿಸಿದನು. ಆಮೇಲೆ ಏಕಾಂತದಲ್ಲಿ ಅವನನ್ನು ಗದರಿಸಿ ಕಳುಹಿದನು. ತಪ್ಪನ್ನು ತಪ್ಪಲ್ಲವೆನ್ನಲಿಲ್ಲ, ಅದನ್ನು ಹೇಳುವ ಸ್ಥಳವನ್ನು ಆರಿಸಿಕೊಂಡನು. ನನ್ನ ಕಥೆಯಲ್ಲಿ ಕಳ್ಳನೂ ಇರಲಿಲ್ಲ, ರತ್ನವೂ ಇರಲಿಲ್ಲ.

ಆ ಸಂಜೆಯೇ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆನು. ಅವಳು ಅದಕ್ಕೆ ಉತ್ತರ ಕೊಡದೆ, “ನನ್ನ ನೇಮ ಮುರೀತೇನ್ರಿ, ಮಾಸ್ತರ್ರ?” ಎಂದಳು. ನಾನು ಕೂಡಲೇ ಉತ್ತರಿಸಲಾರದೆ ಹೋದೆನು. ವೇಳೆಗೆ ಮುಗಿಸದಿರುವುದು ದೋಷವೆನ್ನಲು ನನಗೆ ಮನಸ್ಸಾಗಲಿಲ್ಲ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ಶಾಸ್ತ್ರದಲ್ಲಿ ಅದು ಮುಖ್ಯವಾಗಿ ಮುನಿಗಳ ಸೇವೆಯ ಸಂದರ್ಭದಲ್ಲಿ ಬಂದುದಾದರೂ, ಹೊರಳಲಾರದ ಅತ್ತೆಯನ್ನು ಹೊರಳಿಸುವ ಸೊಸೆಯ ಕೈ ಅದರಿಂದ ಬಹಳ ದೂರದಲ್ಲಿದೆಯೆಂದು ನಾನು ಭಾವಿಸಲಾರೆನು. ನನ್ನ ಪಟ್ಟಿಯಲ್ಲಿ ಆ ತಪಸ್ಸಿಗೆ ಮನೆಯಿರಲಿಲ್ಲ. ಆದರೆ ಮರೆಮಾಚಿದುದು? ಶಲ್ಯವಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳು ಹೇಳುತ್ತಾರೆ. ಮೂರು ಶಲ್ಯಗಳಲ್ಲಿ ಮಾಯೆ ಒಂದು. ಮುರಿದುದು ಹೊಲಿಗೆಯಲ್ಲಿ ಅಲ್ಲ, ಮರೆಯಲ್ಲಿ ಎಂದೆನು. ಆ ಮರೆಗೆ ನನ್ನ ಪಟ್ಟಿಯೂ ಕಾರಣವೆಂದು ಸೇರಿಸಿದೆನು.

ಈ ವೃತ್ತಾಂತವನ್ನು ಕೇಳಿದ ಮಿತ್ರರೊಬ್ಬರು ಒಂದು ಆಕ್ಷೇಪವನ್ನೆತ್ತಿದರು, ಅದು ಹಗುರವಾದುದಲ್ಲ. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವನ್ನು ಮಲ್ಲಿಕಬ್ಬೆಯು ತನ್ನ ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ತಾಳೆಗರಿಯಲ್ಲಿ ಬರೆಯಿಸಿ ಮಾಘಣಂದಿ ಮುನಿಗಳಿಗೆ ಅರ್ಪಿಸಿದಳು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಆ ಗ್ರಂಥವು ಉಳಿದುಬಂದುದರಿಂದಲೇ ನಾವು ಇಂದು ಅದನ್ನು ಓದುತ್ತಿದ್ದೇವೆ. ಅತ್ತಿಮಬ್ಬೆಯು ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿದಳು. ಇವರಾರೂ ಕಂಠವನ್ನು ತಮ್ಮ ಕೈಯಲ್ಲಿ ಹಿಡಿದು ಬರೆಯಲಿಲ್ಲ, ಲಿಪಿಕಾರರಿಂದ ಬರೆಯಿಸಿದರು. ಅವರ ಪುಣ್ಯವು ಅವರದಾದರೆ ಹಣ ಕೊಟ್ಟು ಹೊಲಿಸಿದ ನಾಲ್ಕು ಸುತ್ತುಗಳು ಅವಳವಲ್ಲವೇಕೆ?

ಬಹಳ ದಿನ ಯೋಚಿಸಿ ನಾನು ಕಂಡುಕೊಂಡ ಸಮಾಧಾನವಿದು. ಮಲ್ಲಿಕಬ್ಬೆಯು ಬರೆಯಿಸಿದೆನೆಂದೇ ಹೇಳಿದಳು, ಬರೆದೆನೆಂದು ಹೇಳಲಿಲ್ಲ. ಅವಳು ಹೊತ್ತುದು ನೋಂಪಿಯ ಉಪವಾಸಗಳನ್ನು. ಅವುಗಳನ್ನು ಬೇರೊಬ್ಬರಿಂದ ಮಾಡಿಸಲಿಲ್ಲ, ಮಾಡಿಸಲು ಬರುವುದೂ ಇಲ್ಲ. ಯಾವುದನ್ನು ನನ್ನಿಂದ ಎಂದು ಹೊತ್ತೆವೋ ಅದಷ್ಟೇ ಮತ್ತೊಬ್ಬರಿಗೆ ಕೊಡಲಾಗದ ಪಾಲು. ಉಳಿದುದನ್ನೆಲ್ಲ ಹಂಚಿಕೊಳ್ಳಬಹುದು. ಕೂಡಿ ಕೈಕೊಂಡ ನಿಯಮದಲ್ಲಿ ಸಮೂಹವು ನಿಮಿತ್ತವಾಗಬಹುದು, ಉಪಾದಾನವಾಗಲಾರದು. ಇದನ್ನು ನನಗಿಂತ ಮೊದಲೇ, ಈ ಪದಗಳ ಹಂಗಿಲ್ಲದೆ, ಓಣಿಯವರು ಅರಿತರು. ಅವಳ ಕೌದಿಗೆ ಯಾರೂ ಸೂಜಿ ಮುಟ್ಟಿಸಲಿಲ್ಲ. ದಿನಕ್ಕಿಬ್ಬರಂತೆ ಸರದಿ ಹಾಕಿಕೊಂಡು ಅವಳ ಅತ್ತೆಯ ಬಳಿ ಹಗಲಿನಲ್ಲಿ ಎರಡೆರಡು ತಾಸು ಕುಳಿತರು. ನೀರು ತಂದರು, ರೊಟ್ಟಿ ಬಡಿದರು. ಆ ಎರಡು ತಾಸು ಅವಳು ಕಿಟಕಿಯ ಬೆಳಕಿನಲ್ಲಿ ಹೊಲಿದಳು. ಮೊದಲು ಬಿಚ್ಚಿದಳು. ಆ ನಾಲ್ಕು ಸುತ್ತುಗಳನ್ನು ಬಿಚ್ಚೆಂದು ನಾನು ಹೇಳಿರಲಿಲ್ಲ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಬೆರೆತುದನ್ನು ಬೇರ್ಪಡಿಸುವುದಕ್ಕೆ ವಿವೇಕವೆಂದು ಹೆಸರಿದೆಯೆಂಬುದನ್ನು ಅವಳು ಬಲ್ಲವಳೂ ಅಲ್ಲ.

ಪಂಥವೇ ಕೆಟ್ಟದೆಂದು ನಾನು ಹೇಳುತ್ತಿರುವೆನೆಂದು ತಿಳಿಯಬಾರದು. ಒಬ್ಬೊಬ್ಬರಾಗಿ ಹೊರಟಾಗ ಮೂರು ಕೌದಿಗಳಾದ ಊರಿನಲ್ಲಿ ಕೂಡಿ ಹೊರಟಾಗ 21 ಆದುವು. ಈ ಅಂಕಿಯನ್ನು ಮರೆತು ಸ್ಪರ್ಧೆಯನ್ನು ನಿಂದಿಸುವುದು ನ್ಯಾಯವಲ್ಲ. ನೆರೆಯವಳು ಮೂರು ಸುತ್ತು ಮುಗಿಸಿದಳೆಂದು ಕೇಳಿ ಸೂಜಿಗೆ ದಾರ ಪೋಣಿಸಿದ ಕೈಗಳೂ ಇದ್ದುವು. ಮೊದಲ ಎಳೆತವು ಅಲ್ಲಿಂದ ಬಂದರೆ ಬರಲಿ. ಬೆಳ್ಳಿತಟ್ಟೆಯ ಮಾತು ಬೇರೆ. ಫಲವನ್ನು ಮುಂಚೆಯೇ ಕಣ್ಣೆದುರಿಗಿಟ್ಟುಕೊಂಡು ಹೊಲಿಯುವುದು ನಿದಾನ. ಅದು ಸಹ ಶಲ್ಯವೇ. ಎಲ್ಲರಿಗಿಂತ ಮೊದಲು ಮುಗಿಸಿದ ಶ್ರಾವಿಕೆಯು ಬಹುಮಾನವಿಲ್ಲವೆಂದು ತಿಳಿದಾಗ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಅವರ ಕೋಪದಲ್ಲಿ ಅರ್ಥವಿತ್ತು. ಮಾತು ಕೊಟ್ಟು ತಪ್ಪಿದವರು ನಾವು. ತಟ್ಟೆಯನ್ನು ಗೃಹಸ್ಥರು ಬಸದಿಯ ಪೂಜೆಗೆ ಒಪ್ಪಿಸಿದರು.

ಅವಳ ಕೌದಿ ವೇಳೆಗೆ ಮುಗಿಯಲಿಲ್ಲ. ದೀಪಾವಳಿ ಕಳೆದು, ಕಾರ್ತಿಕದಲ್ಲಿ, 12 ದಿನ ತಡವಾಗಿ ಮುಗಿಯಿತು. ಅಷ್ಟರಲ್ಲಿ ಉಳಿದ 20 ಕೌದಿಗಳು ಗುಡಿಸಲುಗಳಿಗೆ ಹೋಗಿಯಾಗಿತ್ತು. ಇದನ್ನು ತಲುಪಿಸಲು ನಾನೂ ಅವಳ ಜೊತೆಗೆ ಹೋದೆನು. ಬಿಚ್ಚಿದ ಸುತ್ತುಗಳ ಸೂಜಿಯ ತೂತುಗಳು ಹೊಸ ಹೊಲಿಗೆಯ ಪಕ್ಕದಲ್ಲಿ ಇನ್ನೂ ಕಾಣುತ್ತಿದ್ದುವು. ಎರಡು ಮೂರು ಸಲ ಒಗೆದರೆ ಕೂಡಿಕೊಳ್ಳುತ್ತವೆಂದು ಅವಳು ದಾರಿಯಲ್ಲಿ ಹೇಳಿದಳು.

ಕಳೆದ ಆಷಾಢದಲ್ಲಿ ಮತ್ತೆ ಪುಸ್ತಕವನ್ನು ನನ್ನ ಕೈಗೆ ತಂದುಕೊಟ್ಟರು. ಏಳು ಮನೆಗಳ ಪಟ್ಟಿಯನ್ನು ನಾನು ಹಾಕಲಿಲ್ಲ. ಒಂದು ಪಕ್ಕದಲ್ಲಿ ತಿಥಿ. ಇನ್ನೊಂದು ಪಕ್ಕದಲ್ಲಿ ಈ ಹದಿನೈದು ದಿನ ಯಾರ ಮನೆಯಲ್ಲಿ ಕೈ ಸಾಲದಾಗಿದೆ ಎಂಬುದು. ಮೊದಲ ಚತುರ್ದಶಿಯಂದು ಆ ಪಕ್ಕದಲ್ಲಿ ಬರೆಯಿಸಿದವರು ಇಬ್ಬರು. ಅನಂತ ಚತುರ್ದಶಿಯ ಹೊತ್ತಿಗೆ ಒಂಬತ್ತು ಮಂದಿ.