ಒಬ್ಬರಿಗಾಗಿ ಒಲೆ ಹಚ್ಚಬೇಕೇ?

“ನನ್ನೊಬ್ಬಳಿಗೆ ಏನು ಅಡುಗೆ? ಒಂದು ಲೋಟ ಚಹಾ, ಎರಡು ಬಿಸ್ಕತ್ತು ಸಾಕು.” ಈ ಮಾತನ್ನು ನೀವು ಕೇಳಿರಬಹುದು, ನೀವೇ ಆಡಿರಲೂಬಹುದು. ಹತ್ತು ಮಂದಿ ಸಾಲಾಗಿ ಕುಳಿತು ಉಣ್ಣುತ್ತಿದ್ದ ಮನೆಗಳಲ್ಲಿ ಇಂದು ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಮಳವಳ್ಳಿಯ ಮನೆಯಲ್ಲಿ ವೃದ್ಧ ತಾಯಿ ಒಬ್ಬಳೇ ಇದ್ದಾಳೆ, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ದುಡಿಯುತ್ತಿದ್ದಾರೆ. ಮದ್ದೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು ರಾತ್ರಿ ಮನೆ ಸೇರುವಾಗ ಹೆಂಡತಿಯೂ ದಣಿದಿರುತ್ತಾಳೆ. ಮಂಡ್ಯದ ಬಾಡಿಗೆ ರೂಮಿನಲ್ಲಿ ಓದುವ ಹುಡುಗ ಹೋಟೆಲಿನ ಪೊಟ್ಟಣವನ್ನೇ ನೆಚ್ಚಿಕೊಂಡಿದ್ದಾನೆ. ಇಷ್ಟು ಸ್ವಲ್ಪ ಊಟಕ್ಕೆ ಇಷ್ಟು ಶ್ರಮ ಏಕೆ ಎಂಬುದು ಈ ಮೂವರ ಪ್ರಶ್ನೆ. ನೋಡಲು ಇದು ಅಡುಗೆಮನೆಯ ಪ್ರಶ್ನೆ. ಆದರೆ ಸತ್ಯವಿಶ್ವಾಸಿಗೆ ಇದು ಕರ್ತವ್ಯದ ಪ್ರಶ್ನೆಯೂ ಹೌದು.

ಮೊದಲಿಗೆ ಒಂದು ತಪ್ಪುಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಒಬ್ಬರೇ ಕುಳಿತು ಉಣ್ಣುವುದು ದೋಷವಲ್ಲ. ಒಟ್ಟಾಗಿ ಉಂಡರೂ ಬೇರೆಬೇರೆಯಾಗಿ ಉಂಡರೂ ತಪ್ಪಿಲ್ಲವೆಂದು ಪವಿತ್ರ ಕುರ್‌ಆನ್ ಸೂರಃ ಅನ್ನೂರ್‌ನಲ್ಲಿ ಸ್ಪಷ್ಟಪಡಿಸಿದೆ. ಒಟ್ಟಾಗಿ ಉಣ್ಣುವುದರಲ್ಲಿ ಬರಕತ್ ಇದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ, ನಿಜ. ಆದರೆ ಜೊತೆಗೆ ಯಾರೂ ಇಲ್ಲದವರು ಅದಕ್ಕಾಗಿ ಕುಗ್ಗಬೇಕಾಗಿಲ್ಲ.

ದೋಷವಿರುವುದು ‘ನನ್ನೊಬ್ಬಳಿಗೆ’ ಎಂಬ ಉದಾಸೀನದಲ್ಲಿ. ಈ ಶರೀರ ನಾವು ಗಳಿಸಿದ್ದಲ್ಲ. ಅದು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಸದಾ ಉಪವಾಸ, ಸದಾ ರಾತ್ರಿ ನಮಾಝ್ ಎಂದು ತಮ್ಮನ್ನು ದಂಡಿಸಿಕೊಳ್ಳುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿವರ್ಯರು(ಸ) ತಡೆದು, ಶರೀರಕ್ಕೂ ಹಕ್ಕಿದೆಯೆಂದು ನೆನಪಿಸಿದರು. ಆರಾಧನೆಗಾಗಿಯೂ ಶರೀರದ ಹಕ್ಕನ್ನು ಕಸಿಯುವಂತಿಲ್ಲವೆಂದ ಮೇಲೆ, ಬರೀ ಬೇಸರಕ್ಕಾಗಿ ಕಸಿಯಬಹುದೇ? ಅತಿಥಿ ಬಂದರೆ ಒಲೆ ಹಚ್ಚುವ ತಾಯಿ ತನಗಾಗಿ ಹಚ್ಚುವುದಿಲ್ಲವೆಂದರೆ, ಅಲ್ಲಾಹನ ಒಬ್ಬ ದಾಸಿಯನ್ನು ಆಕೆ ಕಡೆಗಣಿಸಿದಂತಾಯಿತು. ಆ ದಾಸಿ ಸ್ವತಃ ತಾನೇ ಆಗಿರುವುದರಿಂದ ತಪ್ಪು ಹಗುರವಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪ್ರವಾದಿವರ್ಯರ(ಸ) ಮನೆಗಳಲ್ಲಿ ತಿಂಗಳುಗಟ್ಟಲೆ ಒಲೆ ಉರಿಯುತ್ತಿರಲಿಲ್ಲ, ಖರ್ಜೂರ ಮತ್ತು ನೀರೇ ಆಹಾರವಾಗಿತ್ತು ಎಂದು ಹಝ್ರತ್ ಆಯಿಷಾ(ರ) ತಿಳಿಸಿಲ್ಲವೇ? ತಿಳಿಸಿದ್ದಾರೆ. ಆದರೆ ಅಲ್ಲಿ ಒಲೆ ಆರಿದ್ದು ಬೇಯಿಸಲು ಏನೂ ಇಲ್ಲದುದರಿಂದ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ನೆರೆಯ ಅನ್ಸಾರರು ತಮ್ಮ ಹಾಲಿನಲ್ಲಿ ಪಾಲು ಕಳುಹಿಸುತ್ತಿದ್ದರು. ಒಲೆಯುರಿಯದ ಆ ಮನೆಯನ್ನು ನೆರೆಹೊರೆ ಮರೆತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಒಲೆ ಎರಡು ದಿನದಿಂದ ಹಚ್ಚಿಲ್ಲವೆಂಬುದು ನಮಗೆ ಗೊತ್ತಿದೆಯೇ?

ಹಾಗಾದರೆ ಒಬ್ಬರಿಗಾಗಿ ದಿನವೂ ಬಿರಿಯಾನಿ ಬೇಯಿಸಬೇಕೇ? ಖಂಡಿತ ಇಲ್ಲ. ಸರಳತೆ ನಮ್ಮ ದೀನ್ ಮೆಚ್ಚಿದ ಗುಣ. ಬೇಗನೆ ಮಾಡುವುದೂ ತಪ್ಪಲ್ಲ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ, ರೈಲು ಬರುವಷ್ಟರಲ್ಲಿ ಪಕೋಡ ಆಗದೆಂದು ಹಿಟ್ಟನ್ನು ತಟ್ಟಿ ಬೇಗಬೇಗ ಕರಿದಾಗ ಹುಟ್ಟಿದ್ದೇ ಮದ್ದೂರು ವಡೆ ಎಂದು ಹೇಳುವುದುಂಟು. ಅವಸರದಲ್ಲೂ ಶ್ರದ್ಧೆಯಿದ್ದರೆ ಅಡುಗೆ ಕೆಡುವುದಿಲ್ಲ.

ನಮ್ಮ ಮಂಡ್ಯದ ನೆಲವೇ ಸಣ್ಣ ಮನೆಗೆ ಒಪ್ಪುವ ಊಟವನ್ನು ಕೊಟ್ಟಿದೆ. ಉಪ್ಪುಸಾರನ್ನೇ ನೋಡಿ. ಬೆಳಿಗ್ಗೆ ನೆನೆಹಾಕಿದ ಒಂದು ಹಿಡಿ ಹೆಸರುಕಾಳು, ಒಂದು ಕಟ್ಟು ದಂಟಿನ ಸೊಪ್ಪು, ಉಪ್ಪು. ಬೆಂದ ಮೇಲೆ ಬಸಿದರೆ ಕಟ್ಟು ಸಾರಾಗುತ್ತದೆ; ಉಳಿದ ಕಾಳು, ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಚೂರು ಹುಣಸೆಹಣ್ಣು ಅರೆದ ಖಾರ ಜೊತೆಗಿರಲಿ. ಅರ್ಧ ಲೋಟ ರಾಗಿಹಿಟ್ಟಿಗೆ ಒಂದು ಲೋಟ ನೀರಿಟ್ಟರೆ ಒಬ್ಬರಿಗೆ ಮುದ್ದೆಯಾಯಿತು. ಒಂದೇ ಪಾತ್ರೆಯ ಬೇಯಿಕೆಯಲ್ಲಿ ಎರಡು ಪದಾರ್ಥ. ದುಂದಿಲ್ಲ, ಚೆಲ್ಲುವುದೂ ಇಲ್ಲ.

ಈ ಸಾರಿಗೆ ಇನ್ನೊಂದು ಗುಣವಿದೆ. ಯಾರಾದರೂ ಬಂದರೆ ಒಂದು ಸೌಟು ಬಿಸಿನೀರು ಬೆರೆಸಿ, ಚಿಟಿಕೆ ಉಪ್ಪು ಹಾಕಿದರೆ ಇಬ್ಬರಿಗೂ ಸಾಲುತ್ತದೆ. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರನ್ನು ಗಮನಿಸಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಅಬೂ ದರ್ರ್(ರ)ರಿಗೆ ನೀಡಿದ ಉಪದೇಶ ನಿಮಗೆ ನೆನಪಿರಬಹುದು. ಅವರು ಮಾಂಸ ಹೆಚ್ಚಿಸಲು ಹೇಳಲಿಲ್ಲ, ನೀರು ಹೆಚ್ಚಿಸಲು ಹೇಳಿದರು. ಬಡವನೂ ಪಾಲಿಸಬಲ್ಲ ಆಜ್ಞೆಯದು. ‘ನಮ್ಮದು ಸಣ್ಣ ಪಾತ್ರೆ, ಕೊಡಲು ಏನಿದೆ?’ ಎಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ. ಕಾಳು ಸೊಪ್ಪಿನ ಈ ಸಾರನ್ನು ಮಾಂಸ ತಿನ್ನದ ಹಿಂದೂ ನೆರೆಯವರಿಗೂ ಕೊಡಬಹುದು. ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಕುರಿ ಕೊಯ್ದಾಗ, ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ವಿಚಾರಿಸಿದವರು.

ಇಬ್ಬರೇ ಇರುವ ಮನೆಯ ಗಂಡಸರಿಗೂ ಒಂದು ಮಾತು. ಪ್ರವಾದಿವರ್ಯರು(ಸ) ಆಹಾರದಲ್ಲಿ ಎಂದೂ ಕೊಂಕು ತೆಗೆದವರಲ್ಲ. ಮನೆಗೆಲಸದಲ್ಲಿ ಪತ್ನಿಯರಿಗೆ ನೆರವಾಗುತ್ತಿದ್ದರು. ಸೊಪ್ಪು ಬಿಡಿಸಿಕೊಟ್ಟರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ. ಹೊತ್ತುಹೊತ್ತಿಗೂ ಹೊಸ ಸಾಲನ್ ಕೇಳುತ್ತಾ ಸರಳ ಜೀವನದ ಬಗ್ಗೆ ಮಾತನಾಡುವುದು ನ್ಯಾಯವಲ್ಲ.

ಇನ್ನು, ದೂರವಿರುವ ಮಕ್ಕಳೇ, ತಿಂಗಳಿಗೊಮ್ಮೆ ಹಣ ಕಳುಹಿಸಿದಾಕ್ಷಣ ತಾಯಿಯ ಒಲೆ ಉರಿಯುತ್ತದೆಂದು ಭಾವಿಸಬೇಡಿ. ಫೋನ್ ಮಾಡಿದಾಗ ‘ಊಟ ಆಯ್ತಾ ಅಮ್ಮಿ?’ ಎಂದು ಕೇಳಿ ಸುಮ್ಮನಾಗಬೇಡಿ. ‘ಏನು ಮಾಡಿದ್ರಿ?’ ಎಂದೂ ಕೇಳಿರಿ. ಉತ್ತರ ತಡವಾದರೆ ಊರಿಗೆ ಬನ್ನಿ, ಆಕೆಯ ಪಕ್ಕದಲ್ಲಿ ಕುಳಿತು ಉಣ್ಣಿರಿ. ಹಣದಿಂದ ತೀರದ ಹಕ್ಕೂ ಹೆತ್ತವರಿಗಿದೆ.

ಒಬ್ಬಂಟಿಯಾಗಿರುವ ಸಹೋದರಿಯೇ, ಇಂದು ಸಂಜೆ ನಿಮಗಾಗಿಯೇ ಒಲೆ ಹಚ್ಚಿರಿ. ಬಿಸ್ಮಿಲ್ಲಾಹ್ ಎಂದು ಕೈಯಿಡಿ, ಅಲ್‌ಹಮ್ದುಲಿಲ್ಲಾಹ್ ಎಂದು ಏಳಿ. ಒಂದು ಸೌಟು ಹೆಚ್ಚೇ ಇರಲಿ, ಪಕ್ಕದ ಮನೆಯಲ್ಲೂ ನಿಮ್ಮಂತೆಯೇ ಒಬ್ಬರಿರಬಹುದು. ಅಲ್ಲಾಹನು ನಮ್ಮ ಸಣ್ಣ ಪಾತ್ರೆಗಳಲ್ಲಿ ಬರಕತ್ ಕರುಣಿಸಲಿ.