ಸಹಜ ಕವಚ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಮಡಕಶಿರೆಯ ಸೀಮೆಯ ಹಳ್ಳಿಯೊಂದರಲ್ಲಿ, ನಮ್ಮ ತರಗತಿಯ ಹುಡುಗನೊಬ್ಬನು ಊರಾಚೆಯ ಕುರುಚಲುಕಾಡಿನಿಂದ ನಕ್ಷತ್ರ ಆಮೆಯೊಂದನ್ನು ಪುಸ್ತಕದ ಚೀಲದಲ್ಲಿಟ್ಟು ತಂದನು. ಮೇಜಿನ ಮೇಲಿಟ್ಟೊಡನೆ ಅದು ತಲೆಯನ್ನೂ ಕಾಲುಗಳನ್ನೂ ಒಳಗೆಳೆದುಕೊಂಡು ಬುಸ್ಸೆಂದಿತು. ಮಕ್ಕಳು ಹಿಂದಕ್ಕೆ ಸರಿದರು. ಹಾವಿನಂತೆ ಅದಕ್ಕೂ ಸಿಟ್ಟು ಬಂದಿತೆಂದು ಅವರ ಎಣಿಕೆ. ಅದು ಸಿಟ್ಟಲ್ಲ. ಕತ್ತು ಕಾಲುಗಳು ಒಳಸೇರುವಾಗ ಶ್ವಾಸಕೋಶಗಳು ಅದುಮಲ್ಪಟ್ಟು ಗಾಳಿ ಹೊರಬೀಳುತ್ತದೆ. ಅವಿತುಕೊಳ್ಳಲು ಎಡೆ ಬೇಕಾದರೆ ಆ ಬಡಜೀವಿ ತನ್ನ ಉಸಿರನ್ನೇ ತೆರವು ಮಾಡಬೇಕು.

ಸಂದರ್ಭ ಒದಗಿತೆಂದು ನಾವು ಗೀತೆಯ ಉಪಮೆಯನ್ನು ವಿವರಿಸಿದೆವು: ಆಮೆ ಅಂಗಗಳನ್ನು ಸೆಳೆದುಕೊಳ್ಳುವಂತೆ ಸ್ಥಿತಪ್ರಜ್ಞನು ಇಂದ್ರಿಯಗಳನ್ನು ಸೆಳೆದುಕೊಳ್ಳುತ್ತಾನೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಇದು ಹೆದರಿ ಒಳಗೆ ಹೋಗಿದೆ. ಹೆದರಿಕೆಯಲ್ಲಿ ಗುಣವೇನು ಬಂತು?" ಎಂದಳು. ನಮಗೆ ಒಡನೆ ಉತ್ತರ ತೋಚಲಿಲ್ಲ.

ಆಮೆಯ ಚಿಪ್ಪನ್ನು ನಾವು ಮನೆಯೆಂದು ಕರೆಯುತ್ತೇವೆ. ಆದರೆ ಅದನ್ನು ಬಿಟ್ಟು ಹೊರಬರುವಂತಿಲ್ಲ. ಬೆನ್ನುಮೂಳೆಯೂ ಪಕ್ಕೆಲುಬುಗಳೂ ಅಗಲವಾಗಿ ಬೆಸೆದುಕೊಂಡು, 50ಕ್ಕೂ ಹೆಚ್ಚು ಎಲುಬುಗಳು ಸೇರಿ ಅದು ಆಗಿದೆ. ಮೇಲಿನ ಹೊದಿಕೆ ಮಾತ್ರ ನಮ್ಮ ಉಗುರಿನಂತಹ ವಸ್ತು. ಭುಜದ ಎಲುಬು ಸಹ ಪಕ್ಕೆಲುಬುಗಳ ಒಳಗಡೆಯೇ ಇದೆ. ಕರ್ಣನು ಹುಟ್ಟುಕವಚವನ್ನು ಕೊಯ್ದು ಇಂದ್ರನಿಗಿತ್ತನು. ಆಮೆಗೆ ಆ ದಾನವೂ ಸಾಧ್ಯವಿಲ್ಲ. ಚಿಪ್ಪಿನಲ್ಲಿ ನರಗಳುಂಟು, ಸ್ಪರ್ಶ ಅದಕ್ಕೆ ತಿಳಿಯುತ್ತದೆ. ಅಂಚಿಗೆ ತೂತು ಕೊರೆದು ದಾರ ಕಟ್ಟುವವರು ಇದನ್ನು ತಿಳಿದೂ ಮಾಡುತ್ತಾರೆಂದು ನಂಬಲು ನಮಗೆ ಮನಸ್ಸಿಲ್ಲ.

ಹೀಗೆ ಮೈಯೇ ಕೋಟೆಯಾದ ಪ್ರಾಣಿ ನಂಬಿರುವುದಾದರೂ ಏನನ್ನು? ವೈರಿಗೂ ಬೇಸರವೆಂಬುದುಂಟೆಂಬುದನ್ನು. ನರಿ ಮೂಸುತ್ತದೆ, ಹೊರಳಿಸುತ್ತದೆ, ಹಲ್ಲು ಹತ್ತದಿದ್ದರೆ ಬೇರೆ ಆಹಾರ ಹುಡುಕಿ ಹೋಗುತ್ತದೆ. ಮನುಷ್ಯನ ಕೈಗಾದರೋ ಅದೇ ನಿಶ್ಚಲತೆ ಅನುಕೂಲ. ಓಡದು, ಕಚ್ಚದು, ಎತ್ತಿ ಚೀಲಕ್ಕೆ ಹಾಕಿದರಾಯಿತು. ಶುಭವೆಂದು ಮನೆಯಲ್ಲಿ ಇಟ್ಟುಕೊಳ್ಳುವವನಿಗೆ ಹಸಿವಿಲ್ಲ, ಆದ್ದರಿಂದ ಬೇಸರವೂ ಇಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಈ ಆಮೆಗಳ ಕಳ್ಳಸಾಗಣೆ ನಿಲ್ಲಲಿಲ್ಲ. 2019ರಲ್ಲಿ ದೇಶದೇಶಗಳ ನಡುವಣ ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದವೂ ನಿಷೇಧಿಸಬೇಕಾಯಿತು.

ಹುಡುಗಿಯ ಪ್ರಶ್ನೆಗೆ ಮಧ್ಯಾಹ್ನ ನಾವು ಕೊಟ್ಟ ಉತ್ತರ ಇಷ್ಟು: ಆಮೆಯ ಹೆದರಿಕೆ ಗುಣವೂ ಅಲ್ಲ, ದೋಷವೂ ಅಲ್ಲ, ಅದು ಯಾರನ್ನೂ ನೋಯಿಸದೆ ಉಳಿಯುವ ದಾರಿ. ನಿಗ್ರಹದ ಪ್ರಶ್ನೆ ಏಳುವುದು ಅದನ್ನು ಹಿಡಿದ ಕೈಗೆ. ಅವಳು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ತಂದ ಹುಡುಗನು ಮಾತ್ರ ತಲೆ ತಗ್ಗಿಸಿದನು. ಅವನೊಬ್ಬನನ್ನೇ ಗುರಿಮಾಡಿ ಆಡಿದಂತಾಯಿತಲ್ಲ ಎಂದು ನಮಗೂ ಕೆಡುಕೆನಿಸಿತು. ನಾವೂ ಬೆಳಗಿನಿಂದ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಪಾಠ ಹೇಳಿದ್ದೆವಲ್ಲವೆ?

ಸಂಜೆ ಎಲ್ಲರೂ ಕೂಡಿ ಅವನು ತೋರಿಸಿದ ಪೊದೆಯ ಬಳಿಯೇ ಅದನ್ನು ಬಿಟ್ಟು, ದೂರ ಸರಿದು ನಿಂತೆವು. ಬಹಳ ಹೊತ್ತು ಅದು ಅಲುಗಲಿಲ್ಲ. ಆಮೇಲೆ ಮೂಗಿನ ತುದಿ ಕಾಣಿಸಿತು, ಆಮೇಲೆ ಒಂದು ಕಾಲು.